ಕ್ಲಾರಾಳ ಬೆನ್ನು, ಮುಸ್ಸೆಯ ಹೊಟ್ಟೆ

ಹೆಡೆಗೋರ್, ಸಾಲಿಂಗ್
೧೧ ಫೆಬ್ರವರಿ ೨೦೨೪

ಪ್ರೀತಿಯ ಅಪ್ಪ,

ಬಂದವು! ಕ್ಯಾಮೆರಾಗಳು ಬಂದು ಕೊಟ್ಟಿಗೆಯ ಸೂರಿಗೇರಿ ಕೂತು ಒಂದು ವಾರವಾಯಿತು. ಊಟದ ಹೊತ್ತಿನಲ್ಲೂ ನನ್ನ ಕಣ್ಣು ಅವುಗಳ ಪರದೆಯ ಮೇಲೆಯೇ. "ನೀನು ಮದುವೆ ಆಗಿರೋದು ನನ್ನನ್ನೋ, ಆ ಟಿವಿನೋ?" ಎಂದು ಯೆಪ್ಪೆ ಕೇಳಿದ. ಯೋಚನೆ ಮಾಡಿ ಹೇಳುತ್ತೇನೆ ಎಂದೆ.

ಫೋನ್ ಬೇಡ, ಕಾಗದವೇ ಇರಲಿ ಎಂದು ನಿನ್ನ ಅಕ್ಕ, ನಮ್ಮ ಗುಡ್ರುನ್ ಅತ್ತೆ ಕಟ್ಟಪ್ಪಣೆ ಮಾಡಿದ್ದು ಒಳ್ಳೆಯದೇ ಆಯಿತು. "ನಿಮ್ಮಪ್ಪನ ಕೈಗೆ ಫೋನ್ ಕೊಟ್ರೆ ಸಾಮ್ಸೋ ದ್ವೀಪದಲ್ಲಿ ಕೂತೇ ನಿನ್ನ ಹಸು ಕರೀತಾನೆ. ಕಾಗದ ಆದ್ರೆ ಅವನ ಆರ್ಡರ್ ಬಂದು ಮುಟ್ಟೋ ಹೊತ್ತಿಗೆ ಕೆಲಸ ಮುಗಿದಿರುತ್ತೆ" ಅಂದಿದ್ದರು. ಹೊಸ ವರ್ಷದ ದಿನ ಕೊಟ್ಟಿಗೆಯನ್ನು ನನ್ನ ಹೆಸರಿಗೆ ಮಾಡಿ, ಒಂದು ವರ್ಷ ಇತ್ತ ಕಾಲಿಡುವುದಿಲ್ಲ ಎಂದು ಶಪಥ ಮಾಡಿದವನು ನೀನೇ. ಆದ್ದರಿಂದ ಅಲ್ಲೇ ಕೂತು ಅತ್ತೆಯ ಆಲೂಗಡ್ಡೆಗೆ ಮೊಳಕೆ ಬರಿಸು, ಇಲ್ಲಿಯ ಸಂಗತಿ ಓದು.

ಈ ಕ್ಯಾಮೆರಾ ಹಸುವಿನ ಮುಖ ನೋಡುವುದಿಲ್ಲ, ಬೆನ್ನು ನೋಡುತ್ತದೆ. ನಮ್ಮ ಜೆರ್ಸಿಗಳೆಲ್ಲ ಒಂದೇ ಕಂದು ಬಣ್ಣ. ಬೆನ್ನಿನ ಏರಿಳಿತ, ಸೊಂಟದ ಮೂಳೆ, ಬಾಲದ ಬುಡ ನೋಡಿ ಇದು ಇಂಥವಳೇ ಎಂದು ಹೇಳುತ್ತದೆ. ಅವಳು ಗೋದಲಿಗೆ ಬಾಯಿ ಹಾಕುವ ಮೊದಲು ರಸಮೇವಿನ ಗುಡ್ಡೆ ಎಷ್ಟಿತ್ತು, ತಲೆ ಎತ್ತಿದ ಮೇಲೆ ಎಷ್ಟು ತಗ್ಗಿತು, ಎಲ್ಲ ಲೆಕ್ಕ ಹಾಕುತ್ತದೆ. ಹಾಲು ಕರೆದು ಹೊರಗೆ ಬಿಡುವ ಓಣಿಯಲ್ಲಿ ಇನ್ನೊಂದಿದೆ. ಅದು ಕಿವಿಯ ಬಿಲ್ಲೆ ಓದಿ, ಮೈಯ ಗಾತ್ರ ನೋಡಿಯೇ ತೂಕ ಹೇಳುತ್ತದೆ. ನೀನು ಎದೆಗೆ ಅಳತೆಪಟ್ಟಿ ಸುತ್ತಲು ಹೋಗಿ ಒದೆ ತಿನ್ನುತ್ತಿದ್ದೆಯಲ್ಲ, ಆ ಕಾಲ ಮುಗಿಯಿತು.

ಇನ್ನು ಮುಖ್ಯ ವಿಷಯ. ತಳಿ ಸಂಘದ ಟೋರ್ಕಿಲ್ ಬಂದಿದ್ದ. "ಹಸು ಎಷ್ಟು ಹಾಲು ಕೊಡ್ತಾಳೆ ಅನ್ನೋದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಎಷ್ಟು ತಿಂದು ಕೊಡ್ತಾಳೆ ಅನ್ನೋದು ಈಗ ತಾನೇ ಗೊತ್ತಾಗ್ತಾ ಇದೆ" ಅಂದ. ಈ ವರ್ಷದಿಂದ ತಳಿಗಾಗಿ ಹೋರಿಗರು ಆರಿಸುವಾಗ ತಾಯಿಯ ಮೇವಿನ ಲೆಕ್ಕವನ್ನೂ ನೋಡುತ್ತಾರಂತೆ. ಜನವರಿಯಲ್ಲಿ ನಿನ್ನ ಕ್ಲಾರಾ ಹಾಕಿದ ಗಂಡುಗರುವಿನ ಮೇಲೆ ಅವರ ಕಣ್ಣಿದೆ.

ಆದರೆ ಅಪ್ಪ, ಮೊದಲ ವಾರದ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲಿರುವವಳು ಕ್ಲಾರಾ ಅಲ್ಲ, ಮುಸ್ಸೆ! ಈಗಿನ ಗಬ್ಬದ ಕರು ಹಾಕಿದ ಮೇಲೆ ಮಾರಿ ಕಳಿಸಿಬಿಡು ಎಂದು ನೀನು ಹೇಳಿಹೋದ ಆ ಕುಳ್ಳಿ ಮುಸ್ಸೆ. ಕ್ಲಾರಾಳ ಹಾಲಿಗೂ ಅವಳ ಹಾಲಿಗೂ ಹೆಚ್ಚು ವ್ಯತ್ಯಾಸವಿಲ್ಲ, ತಿನ್ನುವುದು ಮಾತ್ರ ಮುಕ್ಕಾಲು ಪಾಲು. ಮೂರು ಸಲ ನೋಡಿದೆ. ನನಗೆ ನಿದ್ದೆ ಬರುತ್ತಿಲ್ಲ, ಅಷ್ಟು ಖುಷಿ.

ನಿನ್ನ ಮೆರೆಟೆ

*

ಸಾಮ್ಸೋ
೧೯ ಫೆಬ್ರವರಿ

ಮೆರೆಟೆ ಮಗಳೇ,

ನಿನ್ನ ಕಾಗದ ಓದಿ ಗುಡ್ರುನ್ ನಕ್ಕಳು. ನಾನು ನಗಲಿಲ್ಲ. ಇಷ್ಟು ದಿನ ನಮ್ಮನ್ನು ಮೇಲಿನಿಂದ ಬಗ್ಗಿ ನೋಡುತ್ತಿದ್ದವರು ಇಬ್ಬರೇ, ದೇವರು ಮತ್ತು ಕಾಗೆ. ಇಬ್ಬರೂ ನೋಡಿದ್ದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನೀನು ಹೇಳುವಂಥದ್ದನ್ನೇ ತಂದು ಕೂರಿಸಿದ್ದೀಯೆ.

ಮುಸ್ಸೆ! ಇಲಿ ಎಂದು ಅವಳಿಗೆ ಹೆಸರಿಟ್ಟದ್ದೇ ನಾನು, ಗಾತ್ರ ನೋಡಿ. ಬೆನ್ನು ಬಗ್ಗಿದೆ, ಹಿಂಗಾಲು ಕೂಡುತ್ತವೆ, ಪ್ರದರ್ಶನದ ಕಣಕ್ಕೆ ಕರೆದೊಯ್ದರೆ ತೀರ್ಪುಗಾರರು ನನ್ನನ್ನೇ ಹೊರಗೆ ಹಾಕುತ್ತಾರೆ. ಅಂಥವಳು ಕಡಿಮೆ ತಿಂದು ಕ್ಲಾರಾಳ ಸಮಕ್ಕೆ ಹಾಲು ಕೊಡುತ್ತಾಳೆಂದರೆ ಅರ್ಥ ಒಂದೇ. ಅವಳು ಕಳ್ಳಿ. ಕೆಲವು ಹಸುಗಳಿಗೆ ಬೇರೆಯವರ ಕೆಚ್ಚಲಿಗೆ ಬಾಯಿ ಹಾಕಿ ಹಾಲು ಕುಡಿಯುವ ಚಾಳಿ ಇರುತ್ತದೆ. ಇಲ್ಲವೇ ಮಲಗುವ ಜಾಗದ ಹುಲ್ಲನ್ನೇ ತಿನ್ನುತ್ತಿರಬೇಕು. ನಿನ್ನ ಕ್ಯಾಮೆರಾ ಗೋದಲಿಯನ್ನು ಬಿಟ್ಟು ಬೇರೇನೂ ಕಾಣದ ಗುಗ್ಗು. ಹೋಗಿ ಕಾವಲು ಕೂತು ನೋಡು.

ನಿನಗೆ ಗೊತ್ತಿದೆ, ನಾನು ಮುಚ್ಚಿಡುವುದಿಲ್ಲ. ಸಂಘ ಆರಿಸಿದ ಹೋರಿಗಳ ಪುಸ್ತಕ ಪ್ರತಿ ವರ್ಷ ಮನೆಗೆ ಬರುತ್ತದೆ. ಪ್ರತಿ ಹೋರಿಯ ಚಿತ್ರದ ಕೆಳಗೆ ಅದನ್ನು ಹುಟ್ಟಿಸಿದ ತಳಿಗಾರನ ಹೆಸರು ಇರುತ್ತದೆ. ನಲವತ್ತು ವರ್ಷ ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಬೇರೆಯವರ ಹೆಸರು ಓದಿದ್ದೇನೆ. ದಡ್ಡ ಹಾನ್ಸನ ಹೆಸರೂ ಒಮ್ಮೆ ಬಂತು! ಒಂದು ಸಲ ನನ್ನದು ಬರಬೇಕು. ಅದು ಕ್ಲಾರಾಳಿಂದ ಬರುತ್ತದೆ, ನೋಡುತ್ತಿರು.

ಅಪ್ಪ

*

ಹೆಡೆಗೋರ್
೮ ಏಪ್ರಿಲ್

ಪ್ರೀತಿಯ ಅಪ್ಪ,

ಕಾವಲು ಕೂತೆವು. ನಾನೂ ಯೆಪ್ಪೆಯೂ, ಮಡಚುವ ಕುರ್ಚಿ, ಫ್ಲಾಸ್ಕ್ ತುಂಬ ಕಾಫಿ ಇಟ್ಟುಕೊಂಡು, ಶಾಲೆಗೆ ರಜೆ ಇದ್ದ ಇಡೀ ಭಾನುವಾರ. ಬೆಳಗಿನ ಹಾಲು ಮುಗಿದಾಗಿನಿಂದ ಸಂಜೆಯ ಹಾಲಿನವರೆಗೆ ಮುಸ್ಸೆಯ ಮೇಲಿಂದ ಕಣ್ಣು ತೆಗೆದಿಲ್ಲ. ಪಾಠ ಹೇಳುವ ಮೇಷ್ಟ್ರು ಗಂಡನಾದರೆ ಇದೊಂದು ಅನುಕೂಲ, ಸುಮ್ಮನೆ ಕೂತು ಕಾವಲು ಕಾಯುವುದು ಅವನಿಗೆ ಅಭ್ಯಾಸ.

ಅವಳು ಯಾರ ಕೆಚ್ಚಲಿಗೂ ಬಾಯಿ ಹಾಕಲಿಲ್ಲ. ಮಲಗುವ ಹುಲ್ಲನ್ನು ಮೂಸಿಯೂ ನೋಡಲಿಲ್ಲ. ಗೋದಲಿಗೆ ಬಂದಳು, ತಲೆ ತಗ್ಗಿಸಿ ತಿಂದಳು, ಹೋಗಿ ಮಲಗಿ ಮೆಲುಕು ಹಾಕಿದಳು. ಇಷ್ಟೇ ಅವಳ ದಿನಚರಿ. ಬೇರೆಯವರು ಗುದ್ದಾಡಿಕೊಂಡು ಓಡಾಡುವಾಗ ಈಕೆ ಕಣ್ಣು ಅರೆಮುಚ್ಚಿ ಮೆಲ್ಲುತ್ತಲೇ ಇರುತ್ತಾಳೆ. "ಇಷ್ಟು ನೆಮ್ಮದಿಯಾಗಿ ಅಗಿಯೋ ಹೆಂಗಸನ್ನ ನಾನು ನೋಡೇ ಇಲ್ಲ" ಎಂದ ಯೆಪ್ಪೆ. ಯಾರಿಗೆ ಚುಚ್ಚಿದ್ದು ಎಂದು ಕೇಳಲು ಹೋಗಲಿಲ್ಲ.

ಕಳ್ಳಿ ಸಿಕ್ಕಿದಳು, ಅದೂ ನಿಜ. ಆದರೆ ಅದು ಮುಸ್ಸೆ ಅಲ್ಲ. ಯೆಪ್ಪೆ ರೈ ರೊಟ್ಟಿಯ ಡಬ್ಬಿಯನ್ನು ಕಂಬದ ಹತ್ತಿರ ಇಟ್ಟಿದ್ದ. ನಿನ್ನ ಕ್ಲಾರಾ ಕಂಬಿಯಾಚೆಯಿಂದ ಕತ್ತು ಚಾಚಿ ರೊಟ್ಟಿ, ಸೌತೆಕಾಯಿ, ಕಾಗದ ಎಲ್ಲ ಒಂದೇ ತುತ್ತಿಗೆ ಎಳೆದುಕೊಂಡಳು. ಪಕ್ಕದವಳನ್ನು ಕೊಂಬಿಲ್ಲದ ತಲೆಯಿಂದಲೇ ತಳ್ಳಿ ಅವಳ ಮೇವನ್ನೂ ಮುಗಿಸಿದಳು.

ಅಪ್ಪ, ಲೆಕ್ಕ ಬದಲಾಗಿಲ್ಲ. ಒಂಬತ್ತು ವಾರದಿಂದ ಮುಸ್ಸೆಯೇ ಮೇಲೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುವುದು ಇವಳನ್ನು ನೋಡಿಯೇ. ಅವಳನ್ನು ಕಳಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ನೀನು ಬೈಯುವುದಾದರೆ ಬೈ.

ನಿನ್ನ ಮೆರೆಟೆ

*

ಸಾಮ್ಸೋ
೨೩ ಮೇ

ಮೆರೆಟೆ,

ಮೊದಲ ಆಲೂಗಡ್ಡೆ ಕಿತ್ತೆವು. ಬೆಣ್ಣೆ ಹಾಕಿ ತಿಂದೆ. ಅಷ್ಟೇನೂ ಕೆಟ್ಟದಾಗಿರಲಿಲ್ಲ ಅಂದೆ. ನಮ್ಮ ಯೂಲಂಡ್ ಸೀಮೆಯವನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ ಎಂದು ನಿನ್ನ ಅತ್ತೆಗೆ ಗೊತ್ತು. ಆದರೂ ತಟ್ಟೆ ಎಳೆದುಕೊಂಡಳು.

ಬೈಯುವುದಿಲ್ಲ. ಕೊಟ್ಟಿಗೆ ನಿನ್ನದು. ಆದರೆ ಗಾತ್ರ ಇದ್ದವಳು ತಿನ್ನುತ್ತಾಳೆ, ಅದೇನು ಅಪರಾಧವೇ? ಕ್ಲಾರಾಳ ಚೆಲುವನ್ನು ಯಾವ ಕ್ಯಾಮೆರಾ ಅಳೆಯುತ್ತದೆ? ಟೋರ್ಕಿಲ್‌ಗೂ ಎರಡು ಕಣ್ಣಿವೆ, ಅವಳನ್ನು ಸರಿಯಾಗಿ ತೋರಿಸಿದರೆ ಸಾಕು.

ಒಂದು ಉಪಕಾರ ಮಾಡು. ಜೂನ್ ಮೊದಲ ವಾರದ ಪ್ರದರ್ಶನಕ್ಕೆ ಅವಳನ್ನು ಕರೆದುಕೊಂಡು ಹೋಗು. ಬೆನ್ನನ್ನು ನಾನು ಕಲಿಸಿದ ಹಾಗೆ ಮಾಡು. ಬೇರೆ ಕಡೆ ಕೂದಲು ಕತ್ತರಿಸು, ಬೆನ್ನುಮೂಳೆಯ ಉದ್ದಕ್ಕೂ ಮಾತ್ರ ಬಿಡು. ಬಿಸಿಗಾಳಿ ಹಿಡಿದು ಕೂದಲನ್ನು ಮೇಲಕ್ಕೆ ಬಾಚು, ನೊರೆ ಹಚ್ಚಿ ನಿಲ್ಲಿಸು, ಮೇಲಿನ ತುದಿಯನ್ನು ಕತ್ತರಿಯಲ್ಲಿ ಸಮ ಮಾಡು. ಸೊಂಟದ ಹತ್ತಿರ ಅವಳ ಬೆನ್ನು ತುಸು ಕುಸಿದಿದೆ, ಅಲ್ಲಿ ಕೂದಲು ಎತ್ತರವಿರಲಿ. ಹೆಗಲಿನಿಂದ ಬಾಲದವರೆಗೆ ಮೇಜಿನ ಹಾಗೆ ಕಾಣಬೇಕು. ಟೋರ್ಕಿಲ್ ಬಂದು ಹೋಗುವವರೆಗೂ ಹಾಗೇ ಇಡು. ನನಗಾಗಿ ಮಾಡು.

ಅಪ್ಪ

*

ಹೆಡೆಗೋರ್
೨೭ ಜೂನ್

ಅಪ್ಪಾ, ಅಪ್ಪಾ,

ಕೂತುಕೊಂಡು ಓದು! ಕ್ಲಾರಾಗೆ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂದದ್ದು ನಿನಗೆ ತಿಳಿದಿರುತ್ತದೆ, ಅತ್ತೆಗೆ ಚಿತ್ರ ಕಳಿಸಿದ್ದೆ. ಇದು ಅದಲ್ಲ. ಇದು ಅದರ ಅಪ್ಪ!

ಪ್ರದರ್ಶನದಿಂದ ಬಂದಮೇಲೆ ನೀನು ಹೇಳಿದಂತೆ ದಿನಾ ಬೆಳಿಗ್ಗೆ ಅವಳ ಬೆನ್ನು ಬಾಚುತ್ತಿದ್ದೇನೆ. ಅಂದಿನಿಂದ ಅವಳ ಲೆಕ್ಕ ನೋಡು! ತಿನ್ನುವುದು ಅರ್ಧಕ್ಕೆ ಇಳಿದಿದೆ. ಹಾಲು ಒಂದು ತೊಟ್ಟೂ ಕಡಿಮೆಯಾಗಿಲ್ಲ. ಇನ್ನೂ ವಿಚಿತ್ರವೆಂದರೆ, ಓಣಿಯ ಕ್ಯಾಮೆರಾದ ಪ್ರಕಾರ ಮೈ ಕೂಡ ತುಂಬಿಕೊಂಡಿದ್ದಾಳೆ. ಮುಸ್ಸೆಯನ್ನು ಹಿಂದೆ ಹಾಕಿ ಎಲ್ಲರಿಗಿಂತ ಮೇಲೆ ಹೋಗಿದ್ದಾಳೆ. "ಬಹುಮಾನ ಬಂದ ಮೇಲೆ ಹೊಟ್ಟೆ ತುಂಬಿರಬೇಕು" ಅನ್ನುತ್ತಾನೆ ಯೆಪ್ಪೆ.

ನಿನ್ನೆ ಟೋರ್ಕಿಲ್ ಫೋನ್ ಮಾಡಿದ. "ಏನ್ ಮೇವು ಹಾಕ್ತಾ ಇದ್ದೀರಿ? ಇಂಥ ಲೆಕ್ಕ ನಾವು ಎಲ್ಲೂ ನೋಡಿಲ್ಲ. ಮಂಗಳವಾರ ಬರ್ತೀನಿ, ಕರುನ ತೋರ್ಸಿ. ಎಲ್ಲ ಸರಿ ಇದ್ರೆ ಅವತ್ತೇ ಮಾತಾಡಿ ಮುಗಿಸೋಣ" ಅಂದ. ಫೋನ್ ಇಟ್ಟು ಕೊಟ್ಟಿಗೆಗೆ ಓಡಿ ಕ್ಲಾರಾಳ ಕತ್ತು ಅಪ್ಪಿಕೊಂಡೆ. ಅವಳು ನನ್ನ ಅಂಗಿಯ ತೋಳು ಅಗಿದಳು. ನೀನು ಗೆದ್ದೆ ಅಪ್ಪ. ಸೋತದ್ದಕ್ಕೆ ನನಗೆ ಎಷ್ಟು ಸಂತೋಷವಾಗಿದೆ ಎಂದು ಹೇಳಲಾರೆ.

ನಿನ್ನ ಮೆರೆಟೆ

*

ಸಾಮ್ಸೋ
೧ ಜುಲೈ

ಮಗಳೇ,

ಹೇಳಲಿಲ್ಲವೇ! ನಾನು ಹೇಳಲಿಲ್ಲವೇ! ದೋಣಿ ಕಟ್ಟೆಯಲ್ಲಿ ಎಲ್ಲರಿಗೂ ಹೇಳಿದೆ. ಹಡಗಿನ ಟಿಕೆಟ್ ಹರಿಯುವವನಿಗೂ ಹೇಳಿದೆ, ಅವನಿಗೆ ಹಸುವಿಗೂ ಹಂದಿಗೂ ವ್ಯತ್ಯಾಸ ಗೊತ್ತಿಲ್ಲ, ಆದರೂ ಕೈ ಕುಲುಕಿದ. ಗುಡ್ರುನ್ ಪದರ ಪದರದ ಕೇಕ್ ಮಾಡಿದಳು, ಸ್ಟ್ರಾಬೆರಿ ಇಟ್ಟು.

ನಿನ್ನ ಕ್ಯಾಮೆರಾಗೆ ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಬಹಳ ಒಳ್ಳೆಯ ಯಂತ್ರ. ಟೋರ್ಕಿಲ್ ಬಂದುಹೋದ ತಕ್ಷಣ ಬರೆ. ಹೋರಿಗೆ ಹೆಸರು ಯೋಚಿಸುತ್ತಿದ್ದೇನೆ.

ಅಪ್ಪ

*

ಹೆಡೆಗೋರ್
೪ ಜುಲೈ

ಪ್ರೀತಿಯ ಅಪ್ಪ,

ನಿನ್ನ ಕಾಗದ ಇವತ್ತು ಬಂತು. ಓದಿ ಅಂಗಳದಲ್ಲೇ ಕೂತೆ. ನೇರವಾಗಿ ಹೇಳುತ್ತೇನೆ: ಲೆಕ್ಕ ತಪ್ಪಾಗಿತ್ತು.

ಸೋಮವಾರ ಯೆಪ್ಪೆ ಪರದೆ ನೋಡುತ್ತಿದ್ದ. "ಇದ್ಯಾರು ಮೆರೆಟೆ, ಹೆಸರೇ ಇಲ್ಲದವಳು? ಸಿಕ್ಕಾಪಟ್ಟೆ ತಿಂದಿದ್ದಾಳೆ" ಎಂದ. ಬೆನ್ನು ನೋಡಿ ಯಾರೆಂದು ತಿಳಿಯದಿದ್ದಾಗ ಕ್ಯಾಮೆರಾ ಆ ತುತ್ತನ್ನು 'ಗುರುತು ಸಿಗದ ಹಸು' ಎಂಬಲ್ಲಿ ಹಾಕುತ್ತದೆ. ಅಲ್ಲಿ ಯಾವಾಗಲೂ ಚೂರುಪಾರು ಇರುತ್ತಿತ್ತು, ನಾನು ನೋಡುತ್ತಲೇ ಇರಲಿಲ್ಲ. ಈಗ ಅಲ್ಲಿ ಒಂದು ದೊಡ್ಡ ಹಸುವಿನ ಅರ್ಧ ದಿನದ ಊಟವಿತ್ತು, ಪ್ರತಿ ದಿನ. ಯಾವತ್ತಿನಿಂದ ಎಂದು ಹಿಂದೆ ಹೋಗಿ ನೋಡಿದೆ. ಪ್ರದರ್ಶನದ ದಿನದಿಂದ.

ಕೊಟ್ಟಿಗೆಗೆ ಓಡಿದೆ. ಕ್ಲಾರಾ ಗೋದಲಿಯಲ್ಲಿ ಮುಖ ಹುದುಗಿಸಿ ತಿನ್ನುತ್ತಿದ್ದಳು. ಯೆಪ್ಪೆ ಪರದೆಯ ಹತ್ತಿರ ನಿಂತು ಕೂಗಿದ, "ಗುರುತು ಸಿಗದ ಹಸು!" ನಾನು ಒಂದು ಬಕೆಟ್ ನೀರು ತಂದು ಅವಳ ಬೆನ್ನಿಗೆ ಸುರಿದು, ನಿಲ್ಲಿಸಿದ್ದ ಕೂದಲನ್ನೆಲ್ಲ ಅಂಗೈಯಲ್ಲಿ ಒತ್ತಿ ಮಲಗಿಸಿದೆ. ಅವಳು ತಲೆಯೂ ಎತ್ತಲಿಲ್ಲ. ಮುಂದಿನ ತುತ್ತಿಗೆ ಯೆಪ್ಪೆ ಮತ್ತೆ ಕೂಗಿದ, "ಕ್ಲಾರಾ! ಕ್ಲಾರಾ ಅಂತಿದೆ!"

ಸೊಂಟದ ಆ ತಗ್ಗೇ ಅವಳ ಗುರುತಾಗಿತ್ತು ಅಪ್ಪ. ನಾವು ಅದನ್ನು ಕೂದಲಿನಿಂದ ತುಂಬಿಬಿಟ್ಟಿದ್ದೆವು. ಬೆಳಿಗ್ಗೆ ಬಾಚಿದ ಕೂದಲು ಸಂಜೆಗೆ ತಾನೇ ಇಳಿಯುತ್ತಿತ್ತು, ಆಮೇಲೆ ತಿಂದದ್ದು ಮಾತ್ರ ಅವಳ ಲೆಕ್ಕಕ್ಕೆ ಬರುತ್ತಿತ್ತು. ತೂಕ ಹೆಚ್ಚಿದ್ದೂ ಕೂದಲಿನ ಎತ್ತರವೇ. ಊಟ ಅರ್ಧ ಮಾಡಿ ಮೈ ತುಂಬಿಕೊಳ್ಳುವವರು ಪ್ರಪಂಚದಲ್ಲಿ ಎಲ್ಲಿದ್ದಾರೆ? ಖುಷಿಯಲ್ಲಿ ಅದೂ ಹೊಳೆಯಲಿಲ್ಲ.

ಮಂಗಳವಾರ ಟೋರ್ಕಿಲ್ ಬಂದ. ಕರು ನೋಡಿ ಮೆಚ್ಚಿದ. ಕಾಫಿ ಬಗ್ಗಿಸುತ್ತ ಎಲ್ಲ ಹೇಳಿದೆ. ಅವನು ಮೊದಲು ನಗಲು ಶುರುಮಾಡಿದ, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದ.

"ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಾನೇ ಇರ್ಲಿಲ್ಲ."

"ಅದಕ್ಕೇ ಹೇಳಿದ್ದು."

"ನಿಮ್ಮಪ್ಪ ಆಸ್ಗರ್‌ಗೆ ಗೊತ್ತಾ?"

"ಇನ್ನೂ ಇಲ್ಲ."

"ಅಯ್ಯೋ ಪಾಪ" ಎಂದ. ನಿನಗೆ ಅಂದದ್ದೋ ನನಗೋ ತಿಳಿಯಲಿಲ್ಲ.

ಕ್ಲಾರಾಳ ಕರುವನ್ನು ಅವರು ತೆಗೆದುಕೊಳ್ಳುವುದಿಲ್ಲ. ಕೈಗೆ ಬಂದ ತುತ್ತು ನಿನ್ನ ಬಾಯಿಗೆ ಬಾರದಂತೆ ಮಾಡಿದವಳು ನಾನೇ. ನಿನ್ನ ಮುಖ ನೆನೆದು ಬಹಳ ನೋವಾಗುತ್ತಿದೆ. ಆದರೆ ಸುಳ್ಳು ಲೆಕ್ಕದ ಹೋರಿಯ ಕೆಳಗೆ ನಿನ್ನ ಹೆಸರು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಮುಸ್ಸೆ ಮತ್ತೆ ಮೇಲಿದ್ದಾಳೆ. ಅವಳಿಗೆ ಆಗಸ್ಟ್ ಕೊನೆಗೆ ದಿನ ತುಂಬುತ್ತದೆ.

ನಿನ್ನ ಮೆರೆಟೆ

*

ಸಾಮ್ಸೋ
೨೧ ಜುಲೈ

ಮುದ್ದಿನ ಮೆರೆಟೆ,

ನಿಮ್ಮಪ್ಪ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಹೊಲದಲ್ಲೇ ಓದಿ, ಮಡಿಸಿ ಜೇಬಿಗಿಟ್ಟು, ಊಟಕ್ಕೂ ಬಾರದೆ ಆಲೂಗಡ್ಡೆ ಅಗೆದ. ಮೂರನೆಯ ದಿನ ಕಾಫಿ ಕುಡಿಯುತ್ತ, "ಅವಳು ಟೋರ್ಕಿಲ್‌ಗೆ ಹೇಳಬಾರ್ದಿತ್ತು" ಎಂದ. ನಾನು ಅವನ ಲೋಟ ತುಂಬಿಸಿದೆ. ಲೋಟ ಖಾಲಿಯಾದ ಮೇಲೆ, "ಹೇಳದೇ ಇದ್ದಿದ್ರೆ ನಾನೇ ಹೋಗಿ ಅವಳ ಕಿವಿ ಹಿಂಡ್ತಿದ್ದೆ" ಎಂದ. ಎರಡನ್ನೂ ಮನಸಾರೆ ಹೇಳಿದ, ಆದ್ದರಿಂದ ಎರಡನ್ನೂ ನಿನಗೆ ಬರೆದಿದ್ದೇನೆ.

ದೋಣಿ ಕಟ್ಟೆಯ ಕಡೆ ಹೋಗುತ್ತಿಲ್ಲ. ಹೋರಿ ಏನಾಯಿತು ಎಂದು ಎಲ್ಲರೂ ಕೇಳುತ್ತಾರಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಸೋಲನ್ನು ಎಲ್ಲಿಟ್ಟುಕೊಳ್ಳುತ್ತಾನೆ ಹೇಳು. ಆದರೆ ನಿನ್ನೆ, "ಆ ಕುಳ್ಳಿಗೆ ಯಾವತ್ತು ದಿನ ತುಂಬೋದು?" ಎಂದು ಕೇಳಿದ. ಕಾಗದ ನಿನ್ನ ಜೇಬಲ್ಲೇ ಇದೆಯಲ್ಲ ಅಂದೆ. "ಸುಮ್ನೆ ಕೇಳ್ದೆ" ಅಂದ.

ಹೆಣ್ಣೋ ಗಂಡೋ, ಹುಟ್ಟಿದ ದಿನವೇ ಬರೆ.

ಗುಡ್ರುನ್ ಅತ್ತೆ

*

ಹೆಡೆಗೋರ್
೯ ಅಕ್ಟೋಬರ್

ಪ್ರೀತಿಯ ಅಪ್ಪ,

ಕರು ಹುಟ್ಟಿದ ದಿನ ಬರೆದ ಕಾಗದಕ್ಕೆ ನೀನು ಉತ್ತರಿಸಲಿಲ್ಲ. ಇದಕ್ಕೆ ಉತ್ತರಿಸಲೇಬೇಕು.

ಮುಸ್ಸೆಯ ಗಂಡುಗರುವಿನ ಕಿವಿಯ ಚೂರನ್ನು ತಳಿಗುಣದ ಪರೀಕ್ಷೆಗೆ ಕಳಿಸಿದ್ದೆ. ಕಳೆದ ವಾರ ಫಲಿತಾಂಶ ಬಂತು, ಬಹಳ ಚೆನ್ನಾಗಿದೆ. ಮೊನ್ನೆ ಟೋರ್ಕಿಲ್ ಬಂದು ಮುಸ್ಸೆಯ ಸುತ್ತ ಸುತ್ತಿ, ಬೆನ್ನಿನ ಮೇಲೆ ಕೈಯಾಡಿಸಿ, "ಇವಳ ಕೂದಲು ಯಾರೂ ಬಾಚಿಲ್ಲ ತಾನೇ?" ಎಂದು ಕೇಳಿದ. "ಇವಳಿಗೆ ಬಾಚಣಿಗೆ ತೋರಿಸಿದವರೇ ಇಲ್ಲ" ಅಂದೆ. ಗೋದಲಿಯ ಹತ್ತಿರ ಒಂದು ಗಂಟೆ ನಿಂತ. ಅವಳು ತಿಂದಳು, ಹೋಗಿ ಮಲಗಿ ಮೆಲುಕು ಹಾಕಿದಳು.

ಅಪ್ಪಾ, ತೆಗೆದುಕೊಂಡರು! ಮುಸ್ಸೆಯ ಮಗ ಸಂಘದ ಹೋರಿಯಾಗುತ್ತಾನೆ! ನಾನು ಅಲ್ಲೇ ಟೋರ್ಕಿಲ್‌ನನ್ನು ತಬ್ಬಿಕೊಂಡೆ, ಅವನ ಕನ್ನಡಕ ಗೋದಲಿಗೆ ಬಿತ್ತು. ಯೆಪ್ಪೆ ಅಂಗಳದ ಕಂಬಕ್ಕೆ ಹುಟ್ಟುಹಬ್ಬದ ಬಾವುಟ ಏರಿಸಿದ. ಯಾರ ಹುಟ್ಟುಹಬ್ಬ ಎಂದು ಕೇಳಲು ಅಕ್ಕಪಕ್ಕದವರೆಲ್ಲ ಫೋನ್ ಮಾಡಿದರು.

ಕಾಫಿಗೆ ಕೂತಾಗ ಟೋರ್ಕಿಲ್ ಕೇಳಿದ, "ಮುಸ್ಸೆಗೆ ಗಬ್ಬ ಕಟ್ಟಿಸಿದ್ದು ಯಾವಾಗ?"

"ನವೆಂಬರ್‌ನಲ್ಲಿ."

"ಆಗ ಕೊಟ್ಟಿಗೆ ಯಾರ ಹೆಸರಲ್ಲಿತ್ತು?"

"ಅಪ್ಪನ ಹೆಸರಲ್ಲಿ."

"ಹಾಗಾದ್ರೆ ತಳಿಗಾರ ಆಸ್ಗರ್. ಗಬ್ಬ ಕಟ್ಟಿಸಿದ ದಿನ ಒಡೆಯ ಯಾರೋ ಅವರ ಹೆಸರೇ ಪುಸ್ತಕದಲ್ಲಿ. ನಮ್ಮ ನಿಯಮ."

ಸುಳ್ಳು ಹೇಳುವುದಿಲ್ಲ, ನನ್ನ ಹೆಸರು ಬರುತ್ತದೆ ಎಂದು ಮನಸ್ಸಿನಲ್ಲೇ ಬರೆದುಕೊಂಡಿದ್ದೆ. 'ಕಳಿಸಿಬಿಡು ಎಂದವನ ಹೆಸರೇ?' ಎಂದೂ ಅನ್ನಿಸಿತು. ಆಮೇಲೆ ನಗು ಬಂತು. ಕ್ಲಾರಾಗೆಂದು ನೀನು ಆ ದುಬಾರಿ ಹೋರಿಯ ವೀರ್ಯದ ಕಡ್ಡಿ ಎರಡು ತರಿಸಿದ್ದೆ. ಅವಳು ಮೊದಲನೆಯದಕ್ಕೇ ನಿಂತಳು. ಉಳಿದದ್ದು ಹಾಳಾಗಬಾರದು ಎಂದು, ನವೆಂಬರ್‌ನಲ್ಲಿ ಬೆದೆಗೆ ಬಂದ ಮುಸ್ಸೆಗೆ ಹಾಕಿಸಿದೆ. "ಚೆಲ್ಲೋಕಿಂತ ಇವಳಿಗೇ ಹೋಗ್ಲಿ" ಅಂದದ್ದು ನನ್ನ ಕಿವಿಯಲ್ಲೇ ಇದೆ. ನಿನ್ನ ಜಿಪುಣತನಕ್ಕೆ ಹುಟ್ಟಿದ ಹೋರಿ ಅಪ್ಪ ಇದು!

ಹೆಸರು ಬರೆಸಲೇ? ಟೋರ್ಕಿಲ್ ನಿನ್ನ ಒಪ್ಪಿಗೆಗೆ ಕಾಯುತ್ತಿದ್ದಾನೆ.

ನಿನ್ನ ಮೆರೆಟೆ

*

ಸಾಮ್ಸೋ
೧೪ ಅಕ್ಟೋಬರ್

ಮೆರೆಟೆ,

ನನಗೆ ಆ ಆಸೆಯಿಲ್ಲ, ನಿನ್ನ ಹೆಸರೇ ಬರೆಸು ಎಂದು ಒಂದು ಕಾಗದ ಬರೆದೆ. ಬಹಳ ದೊಡ್ಡ ಮನಸ್ಸಿನ ಕಾಗದ. ಓದಿ ನೋಡಿದರೆ ಬರೆದವನು ಯಾರೋ ಪಾದ್ರಿ ಅನ್ನಿಸಿತು. ಹರಿದು ಹಾಕಿದೆ. ಆಸೆ ಇದೆ. ನಿನ್ನ ಕಾಗದ ಓದಿದಾಗ ನನ್ನ ಮುಖ ಗುಡ್ರುನ್ ನೋಡದಿರಲಿ ಎಂದು ಹಿತ್ತಲಿಗೆ ಹೋದೆ.

ಆದರೆ ಒಂದು ಮುಳ್ಳು ಚುಚ್ಚುತ್ತಿದೆ. ಮುಸ್ಸೆಯ ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಕ್ಲಾರಾಳ ಒಂದೊಂದು ರೆಪ್ಪೆಕೂದಲು ಗೊತ್ತು. ಇವಳು ನಾಲ್ಕು ವರ್ಷ ನನ್ನ ಕೊಟ್ಟಿಗೆಯಲ್ಲಿದ್ದಳು, ಅಣಕಿಸಿದ್ದು ಬಿಟ್ಟರೆ ಅವಳ ಜೊತೆ ನಾನು ಬೇರೆ ಮಾತೇ ಆಡಿಲ್ಲ. ಅಂಥವಳ ಮಗನ ಕೆಳಗೆ ನನ್ನ ಹೆಸರು ಹೇಗೆ ಹಾಕಿಸಿಕೊಳ್ಳಲಿ?

ಈಗಲೇ ಏನನ್ನೂ ಬರೆಸಬೇಡ. ಶಪಥ ಮುರಿಯುತ್ತಿದ್ದೇನೆ. ಶನಿವಾರದ ಮೊದಲ ದೋಣಿಗೆ ಬರುತ್ತೇನೆ. ಕ್ಲಾರಾಳನ್ನು ನೋಡಲು ಅಲ್ಲ.

ಅಪ್ಪ

*

ಹೆಡೆಗೋರ್
೨೦ ಅಕ್ಟೋಬರ್

ಪ್ರೀತಿಯ ಗುಡ್ರುನ್ ಅತ್ತೆ,

ಅಪ್ಪ ನಿನ್ನೆ ಕ್ಷೇಮವಾಗಿ ಬಂದು ಮುಟ್ಟಿದರು. ನೀವು ಕಳಿಸಿದ ಆಲೂಗಡ್ಡೆ ಚೀಲವೂ ಬಂತು. ಏನಾಯಿತು ಎಂದು ಕೇಳಲು ನೀವು ತುದಿಗಾಲಲ್ಲಿ ನಿಂತಿರುತ್ತೀರಿ, ಅದಕ್ಕೆ ಇವತ್ತೇ ಬರೆಯುತ್ತಿದ್ದೇನೆ.

ಕಾರಿನಿಂದ ಇಳಿದವರು ಮನೆಗೆ ಬರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಬೂಟು ತೊಳೆದುಕೊಂಡು ನೇರ ಒಳಗೆ ನಡೆದರು. ಕ್ಲಾರಾ ಅವರ ವಾಸನೆ ಹಿಡಿದು ಕೂಗಿದಳು, ಕಂಬಿಗೆ ಎದೆ ಒತ್ತಿ ಕತ್ತು ಚಾಚಿದಳು. "ಆಮೇಲೆ ಬರ್ತೀನಿ ತಡಿ" ಎಂದು ಅವಳ ಮೂಗು ತಟ್ಟಿ ಮುಂದೆ ಹೋದರು. ಮುಸ್ಸೆ ಎಲ್ಲಿ ಎಂದು ಅವರಿಗೆ ಗೊತ್ತಾಗಲಿಲ್ಲ. ನಾನು ಕೈ ತೋರಿಸಬೇಕಾಯಿತು.

ಅವಳು ಮಲಗಿದ್ದಳು. ಅಪ್ಪ ಅವಳ ಹತ್ತಿರ ಹೋದರು. ಆಮೇಲೆ, ನೀವು ನಂಬುವುದಿಲ್ಲ ಅತ್ತೆ, ಆ ಮನುಷ್ಯ ಟೋಪಿ ತೆಗೆದರು.

"ನಮಸ್ಕಾರ ಕಣಮ್ಮ" ಎಂದರು. "ನಾನು ಆಸ್ಗರ್. ನಿನ್ನ ಮಗನ ತಳಿಗಾರ ನಾನೇ ಅಂತೆ. ನನಗೂ ಈಗ್ಲೇ ಗೊತ್ತಾಗಿದ್ದು." ನನ್ನ ಕಡೆ ಕೈ ಮಾಡಿದರು. "ಇವಳು ಮೆರೆಟೆ. ಇಲ್ಲಿಯ ಒಡತಿ."

ಮುಸ್ಸೆ ಮೆಲುಕು ನಿಲ್ಲಿಸಲಿಲ್ಲ. ಹತ್ತು ತಿಂಗಳಿಂದ ಕಾಗದದ ಮೇಲೆ ನಾನು ಒಡತಿ, ಅಪ್ಪನ ಬಾಯಲ್ಲಿ ಆ ಮಾತು ಕೇಳಿದ್ದು ಇದೇ ಮೊದಲು. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅವಳ ಕಿವಿಯ ಹಿಂದೆ ಕೆರೆದರು. ಎಲ್ಲಿ ಕೆರೆದರೆ ಅವಳಿಗೆ ಇಷ್ಟ ಎಂದು ತಿಳಿಯದೆ ಅಲ್ಲಿ ಇಲ್ಲಿ ಹುಡುಕುತ್ತಿದ್ದರು. ಕತ್ತಿನಡಿಯ ಗಂಗೆದೊಗಲಿನ ಹತ್ತಿರ ಸಿಕ್ಕಿತು. ಮುಸ್ಸೆ ಕತ್ತು ಉದ್ದ ಮಾಡಿದಳು. ಅಪ್ಪ ತಲೆ ಎತ್ತದೆ, "ಬರೆಸು" ಎಂದರು.

ಟೋರ್ಕಿಲ್‌ಗೆ ಆಗಲೇ ಫೋನ್ ಮಾಡಿದೆ. ಯೆಪ್ಪೆ ಮತ್ತೆ ಬಾವುಟ ಏರಿಸಿದ. ಊಟಕ್ಕೆ ನಿಮ್ಮ ಆಲೂಗಡ್ಡೆ ಬೇಯಿಸಿದೆವು. ಅಪ್ಪ ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ಇದು ಯಾರು? ಇವಳು ಯಾಕೆ ಇಷ್ಟು ತಿಂತಾಳೆ?" ಎಂದು ಒಬ್ಬೊಬ್ಬಳನ್ನೂ ವಿಚಾರಿಸಿಕೊಂಡರು. ತಟ್ಟೆ ಆರಿಹೋಯಿತು.

ಸಂಜೆ ನಾನು ಬೂಟು ಹಾಕಿಕೊಳ್ಳುವಾಗ ಅವರು ಬಾಗಿಲ ಹತ್ತಿರ ನಿಂತಿದ್ದರು, ಕೈಯಲ್ಲಿ ಟೋಪಿ ತಿರುಗಿಸುತ್ತ.

"ಹಾಲು ಕರೆಯೋಕೆ ನಾನೂ ಬರಬಹುದಾ?" ಎಂದು ಕೇಳಿದರು.

ಬಾ ಅಪ್ಪ ಎಂದೆ.

ನಿಮ್ಮ ಮೆರೆಟೆ